ಐದು ಗಂಟೆಯ ಬೋರ್ಡು

ಜೂನ್ 3, ಮಧ್ಯಾಹ್ನ

ಎರಡು ಕ್ಲಾಸ್ ಮುಗಿಯಿತು. ಮೂರನೆಯದಕ್ಕೆ ಹುಡುಗರು ಬರಲಿಲ್ಲ, ನನಗೂ ಬೇಜಾರಾಗಲಿಲ್ಲ.

ಎಚ್‌ಒಡಿ ಸ್ಟಾಫ್ ರೂಮಿಗೇ ಬಂದ. ನನ್ನ ಹಳೆಯ ವಿದ್ಯಾರ್ಥಿ, ಈಗ ಮೇಲಧಿಕಾರಿ. ಇಂಟಿಗ್ರೇಷನ್‌ನಲ್ಲಿ ಕಾನ್‌ಸ್ಟಂಟ್ ಹಾಕಲು ಮರೆಯುತ್ತಿದ್ದವನು. ಈಗ ಏನನ್ನೂ ಮರೆಯುವುದಿಲ್ಲ.

"ಮೇಡಂ, ಪ್ರೊಫೆಸರ್ ಪ್ರಮೋಷನ್‌ಗೆ ಅರ್ಜಿ ಕರೆದಿದಾರೆ. ಈ ಸಲ ವೈಯಕ್ತಿಕ ಸಂದರ್ಭ ಅನ್ನೋ ಕಾಲಂ ಖಾಲಿ ಬಿಡ್ಬೇಡಿ. ಅದನ್ನೂ ನೋಡ್ಲೇಬೇಕು ಅಂತ ಹೊಸ ನಿಯಮ."

"ನನ್ನ ಮನೆ ವಿಷಯ ಅವರಿಗ್ಯಾಕಪ್ಪಾ?"

"ನೀವು ಹೇಳ್ದೆ ಅವ್ರಿಗೆ ಹೇಗೆ ಗೊತ್ತಾಗುತ್ತೆ? ಎರಡು ಸಲ ವಾಪಸ್ ಬಂದಿದೆ. ಮುಂದಿನ ಸಲ ಅನ್ನೋಷ್ಟರಲ್ಲಿ ನಿಮ್ಮ ರಿಟೈರ್‌ಮೆಂಟು."

ಸರಿಯಾಗೇ ಹೇಳಿದ. ಅದಕ್ಕೇ ಸಿಟ್ಟು. ಎರಡು ಸಲವೂ ಒಂದೇ ಷರಾ — ಪ್ರಕಟಣೆಗಳಲ್ಲಿ ದೀರ್ಘ ಅಂತರ. ಆ ಅಂತರ ಅಂದರೆ ಅಮ್ಮ. ಕಮಿಟಿಯವರಿಗೇನು ಗೊತ್ತು.

ಪ್ರೊಫೆಸರ್ ಆಗುವ ಆಸೆ ಇದೆ. ಯಾರೂ ಓದದ ಈ ಪುಸ್ತಕದಲ್ಲಿ ಸುಳ್ಳು ಬರೆದು ಏನು ಬಂತು.

ಜೂನ್ 5

ಆ ಕಾಲಂಗೆ ಇನ್ನೂರು ಪದಗಳ ಮಿತಿ. ಬರೆದೆ: "ಮರೆವಿನ ಕಾಯಿಲೆಯಿದ್ದ ತಾಯಿಯ ಆರೈಕೆಯಿಂದಾಗಿ ಸಂಶೋಧನೆಗೆ ಅಡ್ಡಿಯಾಯಿತು." ಓದಿದೆ. ಡಿಲೀಟ್.

ಅಡ್ಡಿ...

ಅಮ್ಮ ಪ್ರೈಮರಿ ಸ್ಕೂಲ್ ಟೀಚರು. ಎರಡನೇ ಕ್ಲಾಸಿನಲ್ಲಿ ನನಗೂ ಅವಳೇ. ಸ್ಕೂಲಿನಲ್ಲಿ "ಅಮ್ಮ" ಅನ್ನುವಂತಿಲ್ಲ, ಗೇಟು ದಾಟುವ ತನಕ "ಟೀಚರ್". ಮಗಳಿಗೆ ರಿಯಾಯಿತಿ ಕೊಟ್ಟಳೆಂದು ಯಾರೂ ಆಡಿಕೊಳ್ಳಬಾರದು, ಅದಕ್ಕೆ ನನಗೆ ಯಾವಾಗಲೂ ಒಂದು ಮಾರ್ಕು ಕಡಿಮೆ. ಈಗ ಅವಳ ಹೆಸರು ಹೇಳಿ ರಿಯಾಯಿತಿ ಕೇಳಬೇಕು. ಎಷ್ಟು ಬೈಯುತ್ತಿದ್ದಳೋ.

ಕಾಯಿಲೆ ಬಂದಮೇಲೆ ನಾನು ಮಗಳು ಅನ್ನುವುದು ಅವಳಿಗೆ ಮರೆತುಹೋಯಿತು. ಎರಡನೇ ಕ್ಲಾಸಿನ ಹುಡುಗಿ ಅನ್ನುವುದು ಉಳಿಯಿತು. "ಅಮ್ಮಾ" ಅಂದರೆ ತಿರುಗಿ ನೋಡುತ್ತಿರಲಿಲ್ಲ. "ಟೀಚರ್" ಅಂದರೆ ಓಗೊಡುತ್ತಿದ್ದಳು.

ಮನೆಯಲ್ಲಿ ನನ್ನ ರೂಮಿನ ಗೋಡೆಯಗಲ ಕರಿ ಬೋರ್ಡು. ಲೆಕ್ಕವೆಲ್ಲ ಅದರ ಮೇಲೇ, ಕಾಗದದಲ್ಲಿ ನನಗೆ ತಲೆ ಓಡುವುದಿಲ್ಲ. ದಿನಾ ಸಂಜೆ ಐದಕ್ಕೆ ಅಮ್ಮ ಡಸ್ಟರ್ ಹಿಡಿದು ಹಾಜರ್. "ಪೀರಿಯಡ್ ಮುಗೀತು. ಏಳು, ಮನೆಗೆ ಹೋಗು." ಮೇಲಿನಿಂದ ಕೆಳಕ್ಕೆ, ಧೂಳು ಹಾರದ ಹಾಗೆ ಒರೆಸುವಳು. ಇಡೀ ದಿನದ ಕೆಲಸ ಪುಡಿಯಾಗಿ ನೆಲಕ್ಕೆ. ಆಮೇಲೆ ಬಲಮೂಲೆಯಲ್ಲಿ ನಾಳೆಯ ದಿನಾಂಕ, ದುಂಡಗಿನ ಅಕ್ಷರ. ಇಸವಿ ಮಾತ್ರ ನಾನು ಎರಡನೇ ಕ್ಲಾಸಿನಲ್ಲಿದ್ದಾಗಿನದು.

ಮೊದಮೊದಲು ಬಾಗಿಲಿಗೆ ಚಿಲಕ ಹಾಕಿದೆ. ಹೊರಗೆ ನಿಂತು ಅತ್ತಳು. ತೆಗೆದೆ. ಫೋಟೊ ತೆಗೆದಿಟ್ಟುಕೊಂಡೂ ನೋಡಿದೆ. ಮಾರನೆಯ ದಿನ ನೋಡಿದರೆ ಉಳಿಸಿಕೊಳ್ಳುವಂಥದ್ದೇನೂ ಇರುತ್ತಿರಲಿಲ್ಲ.

ಅವಳು ಹೋಗಿ ಎರಡು ವರ್ಷ. ಅವಳು ಒರೆಸಿಟ್ಟ ಬೋರ್ಡು ಹಾಗೇ ಇದೆ, ಮೂಲೆಯಲ್ಲಿ ಕೊನೆಯ ದಿನಾಂಕ. ನಾನು ಮುಟ್ಟಿಲ್ಲ. ಕಾಗದದಲ್ಲೇ ಒದ್ದಾಡುತ್ತಿದ್ದೇನೆ.

ಜೂನ್ 8

ತಮ್ಮನ ಫೋನು. ಅರ್ಜಿಯ ವಿಷಯ ಹೇಳಿದೆ.

"ಅಮ್ಮ ನಿಂಗೆ ತೊಂದ್ರೆ ಕೊಟ್ಳು ಅಂತ ಬರೀತೀಯಾ ಅಕ್ಕ?"

"ಮತ್ತೇನಂತ ಬರೀಲಿ? ನೀನು ವರ್ಷಕ್ಕೊಂದ್ಸಲ ಬಂದು ಹಣ್ಣು ಕೊಟ್ಟು ಹೋಗ್ತಿದ್ದೆ ಅಂತಲಾ?"

"ಅದನ್ನೂ ಬರಿ. ನಿಜ ತಾನೆ."

ಪಾಪ ಅನ್ನಿಸಿತು. ನನ್ನ ನಾಲಿಗೆಯೂ ಸ್ವಲ್ಪ ಉದ್ದವೇ.

ಕೂತು ಬರೆದೆ. "ಅಡ್ಡಿ" ಇಲ್ಲ. ಯಾವಾಗಿನಿಂದ ಯಾವಾಗಿನ ತನಕ, ದಿನಕ್ಕೆ ಎಷ್ಟು ಹೊತ್ತು ಸಿಗುತ್ತಿತ್ತು, ಅಷ್ಟರಲ್ಲಿ ಏನಾಯಿತು. ಡಾಕ್ಟರ ಪತ್ರ ಸೇರಿಸಿದೆ. ಸಬ್ಮಿಟ್.

ಆಗಸ್ಟ್ 19, ಸಂಜೆ

ಇಂಟರ್‌ವ್ಯೂ. ಉದ್ದದ ಮೇಜು, ಏಸಿಯ ಚಳಿ. ಅಧ್ಯಕ್ಷರು ಒಳ್ಳೆಯವರೇ.

"ಪರವಾಗಿಲ್ಲಮ್ಮ. ಆರೈಕೆಯ ಆ ಐದು ವರ್ಷ ಲೆಕ್ಕಕ್ಕೇ ತಗೊಳ್ಳಲ್ಲ. ಇರ್ಲೇ ಇಲ್ಲ ಅಂದ್ಕೊಂಡ್ಬಿಡ್ತೀವಿ."

ಉಪಕಾರ ಮಾಡುವ ದನಿ. ಥ್ಯಾಂಕ್ಸ್ ಹೇಳಿ ಎದ್ದು ಬರಬಹುದಿತ್ತು. ಆಗಲಿಲ್ಲ.

"ಹಾಗಂದ್ಕೋಬೇಡಿ ಸರ್. ಇತ್ತು. ಎಷ್ಟು ಹೊತ್ತು ಸಿಕ್ತು, ಅಷ್ಟರಲ್ಲಿ ಏನು ಮಾಡ್ದೆ, ಅದನ್ನ ನೋಡಿ. ಒಂದೇ ಒಂದು ಪೇಪರ್ ಇದೆ."

ಹೊರಗಿನಿಂದ ಬಂದಿದ್ದ ಗಣಿತದ ಮೇಡಂ ಅದನ್ನು ಎತ್ತಿಕೊಂಡರು. ಒಂದೂವರೆ ಪುಟ.

"ಇದನ್ನ ನಾನು ಕ್ಲಾಸಲ್ಲಿ ಪಾಠ ಮಾಡ್ತೀನಿ. ಮುಂಚೆ ಇದೇ ಪ್ರೂಫ್ ಮೂವತ್ತು ಪುಟ ಇತ್ತು. ಇಷ್ಟು ಚಿಕ್ಕದು ಹೇಗಾಯ್ತು?"

"ಸಂಜೆ ಐದಕ್ಕೆ ನಮ್ಮಮ್ಮ ಬೋರ್ಡ್ ಒರೆಸ್ತಿದ್ರು. ಅಷ್ಟರೊಳಗೆ ಮುಗೀಬೇಕು, ಮಾರನೇ ದಿನ ನೆನಪಿಂದ್ಲೇ ಬರೀಬೇಕು. ನೆನಪಲ್ಲಿ ಉಳೀದೇ ಇದ್ದಿದ್ದನ್ನ ಬಿಡ್ತಾ ಬಂದೆ. ಕೊನೆಗೆ ಉಳಿದಿದ್ದು ಇಷ್ಟು."

ನಕ್ಕರು. ನಾನೂ ನಕ್ಕೆ. ಹೊರಗೆ ಬಂದು ವಾಶ್‌ರೂಮಿನಲ್ಲಿ ಅತ್ತೆ.

ಅಮ್ಮ ಹುಷಾರಾಗಿದ್ದಿದ್ದರೆ ಹತ್ತು ಪೇಪರ್ ಆಗುತ್ತಿದ್ದವು, ಅದೂ ನಿಜವೇ. ಅದನ್ನೂ ಫಾರ್ಮಿನಲ್ಲಿ ಬರೆದಿದ್ದೇನೆ. ಆದರೆ ಆ ದಿನಗಳು ಬೇಕು. ಈಗಲೂ ಬೇಕು.

ಅಕ್ಟೋಬರ್ 11

ಆಯಿತು. ಪ್ರೊಫೆಸರ್.

ಪತ್ರದಲ್ಲಿ ಒಂದು ಸಾಲು — ಆರೈಕೆಯ ಅವಧಿಯನ್ನೂ ಆ ಅವಧಿಯ ಕೆಲಸವನ್ನೂ ಪರಿಗಣಿಸಲಾಗಿದೆ. ಒಣ ಕಚೇರಿ ಭಾಷೆ. ಎಷ್ಟು ಸಲ ಓದಿದೆನೋ.

ತಮ್ಮನಿಗೆ ಫೋನ್ ಮಾಡಿದೆ. "ಟೀಚರ್‌ಗೆ ಹೇಳಿದ್ಯಾ ಅಕ್ಕ?" ಅಂದ.

ಅಕ್ಟೋಬರ್ 12, ಸಂಜೆ

ಹೊಸ ಚಾಕ್‌ಪೀಸ್ ಡಬ್ಬಿ ತಂದೆ. ಬೋರ್ಡಿನ ಮುಂದೆ ಸುಮಾರು ಹೊತ್ತು ನಿಂತೆ. ಮೂಲೆಯ ದಿನಾಂಕ ಬಿಟ್ಟು ಎಡಗಡೆಯಿಂದ ಶುರು ಮಾಡಿದೆ. ಕೈ ತನ್ನಷ್ಟಕ್ಕೇ ಓಡಿತು. ಒಂದು ಸಾಲು ತಪ್ಪಾಯಿತು, ಅಂಗೈಯಲ್ಲೇ ಒರೆಸಿದೆ. "ಡಸ್ಟರ್ ಯಾಕಿರೋದು?" ಅನ್ನುತ್ತಿದ್ದಳು ಅಮ್ಮ.

ಐದಾಗುತ್ತಾ ಬಂತು. ಒರೆಸುವವರು ಯಾರೂ ಇಲ್ಲ. ಬೇಕಾದರೆ ನಾಳೆಯೂ ಇದನ್ನೇ ಮುಂದುವರಿಸಬಹುದು. ಆದರೂ ಬೋರ್ಡಿಗೆ ಅಡ್ಡ ಬರದ ಹಾಗೆ ಕುರ್ಚಿ ಸರಿಸಿಕೊಂಡು, ಬಾಗಿಲ ಕಡೆಗೆ ಮುಖ ಮಾಡಿ ಕೂತಿದ್ದೇನೆ.