ಅಂಚಿನ ಸಾಲುಗಳು

ಬೈಂಡಿಂಗ್ ಅಂಗಡಿ, ಹಿಂದಿನ ಕೋಣೆ
ಹನ್ನೊಂದನೆಯ ತಾರೀಖು, ಬುಧವಾರ, ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಆ ದವಡೆ ಹಲ್ಲು ಕೀಳಿಸಿದೆಯೋ, ಇಲ್ಲ ಇನ್ನೂ ಲವಂಗ ಕಚ್ಚಿಕೊಂಡೇ ದಿನ ತಳ್ಳುತ್ತಿದ್ದೀಯೋ? ಅಮ್ಮ ಚೆನ್ನಾಗಿದ್ದಾಳೆ. ಮೊಣಕಾಲು ಮಾತ್ರ ಮಾತು ಕೇಳುವುದಿಲ್ಲ. “ಈ ಮನೇಲಿ ಯಾರು ನನ್ನ ಮಾತು ಕೇಳಿದಾರೆ, ಅದು ಕೇಳಕ್ಕೆ” ಎನ್ನುತ್ತಾಳೆ. ನಾನೂ ಚೆನ್ನಾಗಿದ್ದೇನೆ, ಹೆಬ್ಬೆರಳಿನ ಸಂದಿಯಲ್ಲಿ ಅಂಟು ಒಣಗಿ ಚರ್ಮ ಬಿರಿಯುವುದೊಂದು ಬಿಟ್ಟರೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನು ಹಿಡಿದರೆ ಅಲ್ಲಿ ಬಿಸಿಲು ಹೇಗೆ, ಇಲ್ಲಿ ಬಿಸಿಲು ಹೇಗೆ ಎಂಬಲ್ಲಿಗೇ ನಮ್ಮಿಬ್ಬರ ಮಾತು ನಿಂತುಬಿಡುತ್ತದೆ.

ಪ್ರತಿ ಪತ್ರದಲ್ಲೂ ನೀನು ಕೇಳುವುದು ಒಂದೇ: ಈ ವಾರ ಏನು ಓದುತ್ತಿದ್ದೀಯ? ನೀನು ಹೊಸ ವಿದ್ಯುತ್ ಕೇಂದ್ರಕ್ಕೆ ವರ್ಗವಾಗಿ ಹೋದ ಹದಿಮೂರು ತಿಂಗಳಿಂದ ನಾನೂ ವಾರಕ್ಕೊಂದು ಪಟ್ಟಿ ಬರೆದು ಕಳಿಸುತ್ತಿದ್ದೇನೆ. ನೀನು ಕೇಳಬೇಕೆಂದಿರುವುದು ಅದಲ್ಲವೆಂದು ನನಗೆ ಗೊತ್ತು. ನನಗೆ ಗೊತ್ತೆಂದು ನಿನಗೂ ಗೊತ್ತು. ಇರಲಿ, ಪಟ್ಟಿ ಮೊದಲು.

ಹೋದ ವಾರ ಸೋಮವಾರ, ಮಂಗಳವಾರಕ್ಕೆ ಹಲ್ಲಿನ ಡಾಕ್ಟರು ಬೈಂಡಿಂಗಿಗೆ ಕೊಟ್ಟ ಪುಸ್ತಕ. ಒಬ್ಬ ಮನುಷ್ಯ ನದಿಯೊಂದರ ದಡ ಹಿಡಿದು ಸಮುದ್ರದಿಂದ ಮೇಲಕ್ಕೆ, ಅದು ಹುಟ್ಟುವ ಜಾಗದವರೆಗೆ ನಡೆಯುತ್ತಾನೆ. ಅಲ್ಲಿ ತಲುಪಿದಾಗ ನೋಡಲು ಏನೂ ಇಲ್ಲ, ಒಂದಿಷ್ಟು ಒದ್ದೆ ಹುಲ್ಲು. ಅವನು ಅದರ ಮೇಲೆ ಕೂತು ಶೂ ಬಿಚ್ಚುತ್ತಾನೆ, ಪುಸ್ತಕ ಮುಗಿಯುತ್ತದೆ. ಇಷ್ಟವಾಯಿತು. ಬುಧವಾರಕ್ಕೆ ಹಳೆಯ ಪೋಸ್ಟ್‌ಮ್ಯಾನ್ ತಂದ ಜೇನುಸಾಕಣೆಯ ಕೈಪಿಡಿ. ರಾಣಿ ಇಲ್ಲವಾದದ್ದು ಕೆಲವೇ ಗಂಟೆಗಳಲ್ಲಿ ಇಡೀ ಗೂಡಿಗೆ ತಿಳಿಯುತ್ತದಂತೆ. ಯಾರೂ ಹೇಳಬೇಕಾಗಿಲ್ಲ, ಸದ್ದೇ ಬದಲಾಗುತ್ತದಂತೆ. ಆ ಪುಟವನ್ನು ಎರಡು ಸಲ ಓದಿದೆ. ಗುರುವಾರದಿಂದ ಒಂದು ಪತ್ತೇದಾರಿ ಕಾದಂಬರಿ, ಅದು ಅಮ್ಮನಿಗೋಸ್ಕರ. ಈಗ ಅವಳ ಕಣ್ಣಿಗೆ ಅಕ್ಷರ ಹಿಡಿಯುವುದಿಲ್ಲ, ನಾನೇ ಓದಬೇಕು. ಕೊನೆಯ ಪುಟಗಳನ್ನೇ ಮೊದಲು ಓದಿಸುತ್ತಾಳೆ. “ಅವನೇನಾ ಕೊಂದಿದ್ದು? ನಾನಂದ್ಕೊಂಡೆ. ಸರಿ, ಈಗ ಶುರುವಿನಿಂದ ಓದು” ಎಂದು ಕಾಲು ಚಾಚಿಕೊಳ್ಳುತ್ತಾಳೆ.

ನಮ್ಮ ಓದಿನ ವಾರವನ್ನು ನಾವು ಯಾವತ್ತೂ ನಿರ್ಧರಿಸಿದವರಲ್ಲ, ಅಲ್ಲವೇ? ಹಳೇ ಹೊಲಿಗೆ ಬಿಚ್ಚಿ ಹೊಸ ರಟ್ಟು ಹಾಕುವ ತನಕ ಆರು ದಿನ. ಆ ಆರು ದಿನ ಊರಿನವರ ಪುಸ್ತಕ ನಮ್ಮದು. ಹದಿನಾರು ಪುಟದ ಫಾರಂಗಳು ಅಪ್ಪನ ಕೈಯಿಂದ ನಿನಗೆ, ನಿನ್ನಿಂದ ನನಗೆ. ನೀನು ನಿಧಾನವೆಂದು ನಾನು ಮುಂದಿನದನ್ನು ಎಳೆದುಕೊಂಡು ಹಿಂದುಮುಂದಾಗಿ ಓದುತ್ತಿದ್ದೆ. ಹಾಗೆ ಓದಿದ ಅನುಕ್ರಮದಲ್ಲೇ ಒಂದು ಪುಸ್ತಕ ಹೊಲಿದುಕೊಟ್ಟದ್ದು ನೆನಪಿದೆಯಾ? ಸತ್ತವನು ಮುಂದಿನ ಅಧ್ಯಾಯದಲ್ಲಿ ಊಟಕ್ಕೆ ಬಂದು ಕೂತಿದ್ದ. ಪುಸ್ತಕ ಕೊಟ್ಟಿದ್ದ ತೆರಿಗೆ ಅಧಿಕಾರಿ ಜಗಳಕ್ಕೆ ಬರುತ್ತಾರೆಂದು ಅಪ್ಪ ಹೆದರಿ ಕೂತಿದ್ದರೆ, ಅವರು ಬಂದು “ಎರಡನೇ ಸಲ ಓದಿದಾಗ ಇನ್ನೂ ಚೆನ್ನಾಗಿತ್ತು ಕಣ್ರೀ” ಎಂದು ಹೋದರು. ಆ ದಿನವೇ ನೀನು ನನಗೆ ಗೆದ್ದಲು ಎಂದು ಹೆಸರಿಟ್ಟದ್ದು.

ಅಪ್ಪನ ಇನ್ನೊಂದು ಕಟ್ಟಳೆಯೂ ಇತ್ತು. ಅಚ್ಚಾದದ್ದು ಊರಿಗೆಲ್ಲ, ಕೈಬರಹ ಒಬ್ಬರಿಗೆ. ಡೈರಿ, ಕಾಗದದ ಕಟ್ಟು, ಯಾರದೋ ಕವಿತೆಯ ನೋಟ್‌ಬುಕ್ಕು ಬಂದರೆ ಕಣ್ಣು ಹಾಯಿಸದೆ ಹೊಲಿಯಬೇಕು. ಇಪ್ಪತ್ತೆರಡು ವರ್ಷದಿಂದ ನಾನು ಅದನ್ನು ಮೀರಿಲ್ಲ. ಹೋದ ಶುಕ್ರವಾರ ಅತ್ತಿಗೆ ಅಂಗಡಿಗೆ ಬಂದರು.

ನೀನು ಹೋದಮೇಲೆ ಅವರು ಇಲ್ಲಿಗೆ ಬಂದದ್ದು ಮೂರನೆಯ ಸಲ. ಲ್ಯಾಬಿನಿಂದ ನೇರ ಬಂದಿದ್ದರು, ಬಿಳಿ ಕೋಟು ಕೈಮೇಲೆ ಮಡಚಿಕೊಂಡು. ಬಟ್ಟೆ ಚೀಲದಿಂದ ಹಾಳೆಗಳನ್ನು ಮೇಜಿನ ಮೇಲೆ ಸುರಿದರು. ರಕ್ತ ಪರೀಕ್ಷೆಯ ಹಳೆಯ ನಮೂನೆಗಳು, ಇನ್ನೂರಹನ್ನೆರಡು. ಒಂದು ಕಡೆ ಹಿಮೋಗ್ಲೋಬಿನ್, ಸಕ್ಕರೆ ಎಂದು ಅಚ್ಚಾದ ಖಾಲಿ ಮನೆಗಳು. ಇನ್ನೊಂದು ಕಡೆ ತುಂಬ ಅವರ ಅಕ್ಷರ, ಸೀಸೆಗೆ ಅಂಟಿಸುವ ಚೀಟಿಯ ಅಕ್ಷರದಷ್ಟೇ ಸಣ್ಣ, ಅಷ್ಟೇ ನೇರ. ಪುಟಸಂಖ್ಯೆ ಇಲ್ಲ. “ಕೈಜಾರಿ ಬಿದ್ದು ಎಲ್ಲ ಕಲೆಸಿಹೋಗಿದೆ. ಜೋಡಿಸಿ ಬೈಂಡ್ ಮಾಡಿಕೊಡು” ಎಂದರು. ಓದದೆ ಜೋಡಿಸಲಾಗುವುದಿಲ್ಲ ಅತ್ತಿಗೆ, ಎಂದೆ. ಖಾಲಿ ಚೀಲ ಮಡಚುತ್ತ, “ಹಾಗಾದ್ರೆ ಎಷ್ಟು ಬೇಕೋ ಅಷ್ಟೇ ಓದು” ಎಂದರು.

ಒಂದು ವಿಷಯ ಹೇಳಬೇಕು. ಕೈಜಾರಿ ಬಿದ್ದ ಹಾಳೆ ಹೇಗಿರುತ್ತದೆಂದು ನನಗೆ ಗೊತ್ತು. ಹತ್ತು ಹದಿನೈದು ಒಟ್ಟಿಗೇ ಉಳಿದಿರುತ್ತವೆ, ಒಂದೆರಡರ ಮೂಲೆ ಮಡಚಿರುತ್ತದೆ. ಇವು ಇಸ್ಪೀಟಿನ ಎಲೆ ಕಲೆಸಿದ ಹಾಗೆ ಒಂದೇ ಸಮನೆ ಕಲೆತಿದ್ದವು. ಒಂದರದ್ದೂ ಮೂಲೆ ಮಡಚಿರಲಿಲ್ಲ.

ಹಾಗೆ ಭಾನುವಾರವೂ ಮೊನ್ನೆ, ನಿನ್ನೆಯ ಸಂಜೆಗಳೂ ನನ್ನ ಪಟ್ಟಿಯಲ್ಲಿ ಇಲ್ಲದ ಪುಸ್ತಕವೊಂದಕ್ಕೆ ಹೋದವು. ನಾನು ಓದಿದ್ದು ಅದರ ಅಂಚು ಮಾತ್ರ: ಪ್ರತಿ ಹಾಳೆಯ ಮೊದಲ ಸಾಲು, ಕೊನೆಯ ಸಾಲು. ನಡುವೆ ಒಂದು ರಟ್ಟಿನ ಚೂರು ಇಟ್ಟು ಮುಚ್ಚಿಕೊಂಡೇ ಕೂತಿದ್ದೆ. ಆದರೆ ಇನ್ನೂರಹನ್ನೆರಡು ಹಾಳೆಯ ಅಂಚು ಓದಿದಮೇಲೆ ನಡುವಿನದು ಗೊತ್ತಿಲ್ಲ ಎನ್ನುವುದು ಕಳ್ಳಮಾತು. ಬೇರೆಯವರ ಮನೆಯ ಗೋಡೆಗೆ ಒರಗಿ ಕೂತವನಿಗೆ ಒಳಗೆ ಎಷ್ಟು ಜನ ಇದ್ದಾರೆಂದು ತಿಳಿಯುವ ಹಾಗೆ ತಿಳಿಯುತ್ತದೆ. ಅಲ್ಲಿ ಒಬ್ಬರೇ ಇದ್ದರು.

ಅದು ಏನೆಂದು ನಿನಗೆ ಹೇಳಬಹುದೆಂದುಕೊಂಡಿದ್ದೇನೆ. ನೀನು ಬಿಟ್ಟುಹೋದ ಕಪಾಟಿನಲ್ಲಿ ಐವತ್ತಾರು ಪುಸ್ತಕ ಇದ್ದವು. ಅತ್ತಿಗೆ ವಾರಕ್ಕೊಂದರಂತೆ ಅವನ್ನು ಓದಿದ್ದಾರೆ, ಮೇಲಿನ ಸಾಲಿನ ಎಡತುದಿಯಿಂದ, ಒಂದನ್ನೂ ಬಿಡದೆ. ಓದಿದ್ದಕ್ಕೆ ಮೂರು ನಾಲ್ಕು ಹಾಳೆ ಬರೆದಿದ್ದಾರೆ. “ಇವಳಿಗೆ ಔಷಧಿ ಬಾಟಲಿ ಮೇಲಿನ ಚೀಟಿ ಓದಕ್ಕೂ ಆಕಳಿಕೆ” ಎಂದು ಬಂದವರ ಮುಂದೆಲ್ಲ ನಗುತ್ತಿದ್ದೆಯಲ್ಲ, ಅದೇ ಅತ್ತಿಗೆ. ಆಗ ನಾನೂ ನಕ್ಕಿದ್ದೇನೆ, ಅದಕ್ಕೇ ನಿನ್ನೊಬ್ಬನನ್ನೇ ಬಯ್ಯಲು ಬರುವುದಿಲ್ಲ. ಎರಡು ಜೋಡಿ ಮಾತ್ರ ಹೇಳುತ್ತೇನೆ, ಅಪ್ಪ ಇದ್ದಿದ್ದರೆ ಕಿವಿ ಹಿಂಡುತ್ತಿದ್ದ. ಒಂದು ಹಾಳೆಯ ಕೊನೆ: “ಈ ಸಾಲಿನ ಕೆಳಗೆ ಅವರು ಗೀಟು ಎಳೆದದ್ದು ಯಾಕೆಂದು”. ಅದಕ್ಕೆ ಹೊಂದಿದ ಹಾಳೆಯ ಮೊದಲು: “ತಿಳಿಯಲಿಲ್ಲ. ನಾನಾಗಿದ್ದರೆ ಅದರ ಮೇಲಿನ ಸಾಲಿಗೆ ಎಳೆಯುತ್ತಿದ್ದೆ.” ಇನ್ನೊಂದು: “ಇಪ್ಪತ್ತನೆಯ ಪುಸ್ತಕದಲ್ಲೂ ಗಂಡಸು ಮನೆ ಬಿಟ್ಟು ಹೋದ. ಇವರಲ್ಲಿ ಒಬ್ಬನಾದರೂ”. ಮುಂದಿನದು: “ಹೋಗುವಾಗ ಬಾಗಿಲು ಎಳೆದುಕೊಳ್ಳಬಾರದೇ, ಸೊಳ್ಳೆ ಬರುತ್ತದೆ.” ನಾನು ಒಬ್ಬಳೇ ಗಟ್ಟಿಯಾಗಿ ನಕ್ಕೆ. ಏನೆಂದು ಅಮ್ಮ ಕೇಳಿದಳು, ಜೇನುಹುಳ ಎಂದೆ.

ನೀವಿಬ್ಬರೂ ಜಗಳವಾಡಿದ್ದರೆ ಚೆನ್ನಾಗಿತ್ತು. ವರ್ಗದ ಆದೇಶ ಬಂದ ದಿನ ನೀನು ಪೆಟ್ಟಿಗೆಗೆ ಹಗ್ಗ ಬಿಗಿಯುತ್ತ, ತಲೆ ಎತ್ತದೆ, “ನೀನು ಬಂದರೂ ಸರಿ, ಬರದಿದ್ದರೂ ಸರಿ” ಎಂದು ಅತ್ತಿಗೆಗೆ ಹೇಳಿದೆ. ನಾನು ಬಾಗಿಲಲ್ಲೇ ಇದ್ದೆ. ನಿನ್ನ ಲೆಕ್ಕದಲ್ಲಿ ಅದು ಅವರನ್ನು ಬಲವಂತ ಮಾಡದಿರುವ ದೊಡ್ಡತನ. ಅವರಿಗೆ ಕೇಳಿಸಿದ್ದೇ ಬೇರೆ. ಅದನ್ನು ಆಗಲೇ ನಿನಗೆ ಹೇಳಬೇಕಿತ್ತು; ಹೇಳದೆ ಹದಿಮೂರು ತಿಂಗಳು ಪಟ್ಟಿ ಕಳಿಸಿದೆ.

ಈಗ ಕಪಾಟು ಮುಗಿದಿದೆ. ಇದನ್ನು ಬೈಂಡ್ ಮಾಡಿಸಿ ಐವತ್ತೇಳನೆಯದಾಗಿ ಅಲ್ಲೇ ನಿಲ್ಲಿಸುತ್ತಾರಂತೆ. ಅಷ್ಟು ದೊಡ್ಡ ಮನೆ ಒಬ್ಬರಿಗೆ ಯಾಕೆಂದು ಲ್ಯಾಬಿನ ಹಿಂದೆ ಒಂದು ಕೋಣೆ ನೋಡಿದ್ದಾರೆ. ಒಂದು ಮಂಚ ಹಾಕಿದರೆ ಇನ್ನೊಂದಕ್ಕೆ ಜಾಗವಿಲ್ಲ ಎಂದು ಅವರೇ ಹೇಳಿದರು. ಕೋಣೆಯವರಿಗೆ ಶನಿವಾರ ಸಂಜೆ ಉತ್ತರ ಹೇಳಬೇಕಂತೆ. ಬೈಂಡಿಂಗೂ ಶನಿವಾರಕ್ಕೇ ಬೇಕು.

ನನ್ನ ಕೆಲಸ ಹೆಚ್ಚುಕಡಿಮೆ ಮುಗಿದಿದೆ. ಕೊನೆಯ ಕಡೆ ಮಾತ್ರ ಒಂದು ತೊಡಕು: ಒಂದೇ ಹಾಳೆಯ ಕೊನೆಗೆ ಎರಡು ಹಾಳೆಗಳು ಸರಿಯಾಗಿ ಹೊಂದುತ್ತಿವೆ. ಒಂದನ್ನು ಸೇರಿಸಿದರೆ ಇನ್ನೊಂದಕ್ಕೆ ಎಲ್ಲೂ ಜಾಗವಿಲ್ಲ. ಈಗ ಲ್ಯಾಬಿಗೆ ಹೋಗುವ ದಾರಿಯಲ್ಲಿ ಅತ್ತಿಗೆ ಬರುತ್ತೇನೆಂದಿದ್ದಾರೆ, ಕೇಳುತ್ತೇನೆ. ಅವು ಏನೆಂದು ನಿನಗೆ ಬರೆಯುವುದಿಲ್ಲ. ಅಷ್ಟಾದರೂ ಅಪ್ಪನ ಮಾತು ಉಳಿಯಲಿ.

ಅಮ್ಮ ಆಶೀರ್ವಾದ ಹೇಳಿದ್ದಾಳೆ, ಹಲ್ಲು ಕೀಳಿಸು ಎಂದೂ ಹೇಳಿದ್ದಾಳೆ. ಮೈ ಕಡೆ ನೋಡಿಕೊ.

ನಿನ್ನ ತಂಗಿ,
ಗೆದ್ದಲು

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅತ್ತಿಗೆ ಬಂದು ಹೋದರು. ಎರಡೂ ಹಾಳೆ ಮುಂದಿಟ್ಟು ಯಾವುದು ಸರಿ ಎಂದೆ. “ಎರಡೂ ನಾನೇ ಬರೆದಿದ್ದು. ಒಂದು ಕೊನೇ ಪುಸ್ತಕ ಮುಗಿದ ದಿನ, ಇನ್ನೊಂದು ಮಾರನೇ ದಿನ” ಎಂದರು. ಯಾವುದನ್ನು ಹೊಲಿಯಲಿ? “ಶನಿವಾರ ಹೇಳ್ತೀನಿ. ಅಷ್ಟೊತ್ತಿಗೆ ಒಂದು ಸುಳ್ಳಾಗಿರುತ್ತೆ.” ಅಪ್ಪ ಕ್ಷಮಿಸಲಿ, ಬರೆಯುತ್ತೇನೆ. ಅವೆರಡೂ ಹೊಂದುವ ಆ ಹಾಳೆಯ ಕೊನೆ: “ಅವರೇ ಬಂದು ಬಾಗಿಲು ತಟ್ಟಿದರೆ”. ಒಂದು ಹಾಳೆ ಹೀಗೆ ಶುರುವಾಗುತ್ತದೆ: “ಪುಸ್ತಕಗಳನ್ನು ಪಕ್ಕದ ಮನೆಯಲ್ಲಿ ಇಟ್ಟಿದ್ದೇನೆ, ಕೇಳಿ ತೆಗೆದುಕೊಂಡು ಹೋಗಲಿ.” ಇನ್ನೊಂದು ಹೀಗೆ: “ಏನು ಓದಿದೆ ಎಂದು ಮೊದಲು ಕೇಳಲಿ. ಹೇಳುವುದು ಬಹಳ ಇದೆ.” ಇದನ್ನು ಕೊರಿಯರಿಗೆ ಹಾಕುತ್ತಿದ್ದೇನೆ, ನಾಳೆ ಸಂಜೆ ನಿನ್ನ ಕೈಯಲ್ಲಿರುತ್ತದೆ. ಶುಕ್ರವಾರ ಬೆಳಿಗ್ಗೆ ಬಸ್ಸಿದೆ. ನನಗೆ ಉತ್ತರ ಬರೆಯುತ್ತ ಕೂರಬೇಡ. ಎರಡೂ ಹಾಳೆ ಮೇಜಿನ ಮೇಲೆ ಪಕ್ಕಪಕ್ಕ ಇವೆ, ಸೂಜಿಗೆ ದಾರ ಪೋಣಿಸಿಲ್ಲ. ಹೊರಡು.