ಎದುರಂಗಡಿಯವರನ್ನು ಕೇಳದೆ ಬರೆದ ಬೆಲೆ

ಅಪ್ಪಾ,

ಇವತ್ತು ಹಿಟ್ಟು ನಾದುವವರ ಸಂಬಳ ಏರಿಸಿದೆ, ಬ್ರೆಡ್ಡಿನ ಬೆಲೆ ಏರಿಸಲಿಲ್ಲ. ಸಂಬಳ ಏರಿದರೆ ಬೆಲೆಯೂ ಏರಲೇಬೇಕು ಎನ್ನುತ್ತಿದ್ದಿರಿ. ಅವರಿಗೆ ಬಿಡಿಗಾಸು ಹೆಚ್ಚಿಸದ ವರ್ಷಗಳಲ್ಲೂ ನಮ್ಮ ಬೆಲೆ ಏರುತ್ತಲೇ ಇತ್ತಲ್ಲ? ನೀವೂ ಎದುರು ಬೇಕರಿಯ ಮಾವನೂ ಚಹಾ ಕುಡಿಯುತ್ತಾ ಮಾತಾಡಿಕೊಂಡು, ಇಬ್ಬರ ಹಲಗೆಯ ಮೇಲೂ ಒಂದೇ ಬೆಲೆ ಬರೆಯುತ್ತಿದ್ದಿರಿ. ಜನ ಇನ್ನೆಲ್ಲಿಗೆ ಹೋಗಬೇಕಿತ್ತು?

ಬೆಳಿಗ್ಗೆ ಮಾವ ವಾಡಿಕೆಯಂತೆ ಬಂದರು. "ಎಷ್ಟು ಬರೆಯೋಣಮ್ಮ?"

"ನಿಮ್ಮದು ನೀವು ಬರ್ಕೊಳ್ಳಿ ಮಾವ. ನನ್ನದು ಹಳೇ ಬೆಲೇನೇ."

"ನಿಮ್ಮಪ್ಪ ಇದ್ದಾಗ ನನ್ನ ಕೇಳದೆ ಸೀಮೆಸುಣ್ಣ ಮುಟ್ತಿರಲಿಲ್ಲ."

ಅವರು ಬೆಲೆ ಏರಿಸಿಯೇ ಬರೆದರು, ಆದರೆ ಮಧ್ಯಾಹ್ನದೊಳಗೆ ಹಲಗೆ ಒರೆಸಿ ಅವರೂ ಹಳೇ ಬೆಲೆಯನ್ನೇ ಬರೆದರು. ನನ್ನ ಲಾಭ ಕಡಿಮೆಯಾಗುತ್ತದೆ, ಆಗಲಿ.

ಅವರನ್ನು ಅಷ್ಟು ಸಲ ಕೇಳಿದಿರಿ. ಪಕ್ಕದಲ್ಲೇ ನಿಂತು ಬ್ರೆಡ್ಡು ಕಟ್ಟುತ್ತಿದ್ದೆ, ಒಂದು ಸಲ ನನ್ನನ್ನೂ ಕೇಳಬಹುದಿತ್ತು.