ವೆಬ್ಲಿಗೆ ನಲವತ್ತೆರಡನೆಯ ಮತ

ಮಾರ್ಚ್ 11, 2025, ಮಂಗಳವಾರ

ಶ್ರೀದೇವಿಯ ಪಾಸ್ ಬಂತು! ಒನ್-ನಾರ್ತ್ ಸ್ಟೇಷನ್ನಿನ ಎಸ್ಕಲೇಟರ್ ಮೇಲೆ ಇ-ಮೇಲ್ ನೋಡಿದೆ. ಡಿಪೆಂಡೆಂಟ್ ಪಾಸ್, ನನ್ನ ಕೆಲಸದ ಪಾಸಿನ ಆಧಾರದ ಮೇಲೆ ಹೆಂಡತಿ ಇಲ್ಲಿರಲು ಅನುಮತಿ. ಅರವತ್ತು ದಿನದೊಳಗೆ ಬಂದು ಸೇರಬೇಕಂತೆ. ಅರವತ್ತು ಯಾಕೆ, ಆರು ಸಾಕು! ಹಿಂದೆ ನಿಂತಿದ್ದ ಆಂಟಿಯ ಕಡೆ ತಿರುಗಿ "ಮೈ ವೈಫ್ ಈಸ್ ಕಮಿಂಗ್!" ಅಂದೆ.

"ಗುಡ್ ಲಾ. ಮೂವ್ ಲಾ."

ಮದುವೆಯಾಗಿ ಆರು ವಾರ. ಅವಳು ಗಡಿಯಾಚೆ ಜೊಹೋರ್ ಬಾರುವಿನ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್, ನಾನು ಈಚೆ ಕ್ಲೆಮೆಂಟಿಯ ಬಾಡಿಗೆ ಫ್ಲಾಟ್‌ನಲ್ಲಿ. ನಡುವೆ ಕಿಲೋಮೀಟರ್ ಅಗಲದ ನೀರು, ಐದು ನಿಮಿಷದ ರೈಲು, ಎರಡು ದೇಶ. ಪ್ರತಿ ಶುಕ್ರವಾರ ನಾನೇ ಹೋಗುತ್ತೇನೆ. 31ಕ್ಕೆ ಅವಳ ಕಾಂಟ್ರಾಕ್ಟ್ ಮುಗಿಯುತ್ತದೆ. ಆಮೇಲೆ ಇಲ್ಲೇ!

ಎರಡು ದಿಂಬು ಆರ್ಡರ್ ಮಾಡಿದೆ. ಮತ್ತೆರಡು ಸೇರಿಸಿದೆ.

ಮಾರ್ಚ್ 12, ರಾತ್ರಿ ಊಟದ ನಂತರ

ಖುಷಿಗೆ ಹಳೆಯ ಬಂದೂಕುಗಳ ಆನ್ಲೈನ್ ಫೋರಮ್ಮಿಗೆ ಹೋದೆ. ತಯಾರಿ ನಿಂತುಹೋದ ರಿವಾಲ್ವರ್‌ಗಳಲ್ಲಿ ಯಾವುದು ಮರಳಿ ಬರಬೇಕು — ಆ ಚರ್ಚೆ ಈಗ ಮುನ್ನೂರು ಪುಟ. ಕೋಲ್ಟ್ ಪೈಥಾನ್ ನಿಂತೇಹೋಗಿತ್ತು, 2020ರಲ್ಲಿ ವಾಪಸ್ ಬಂತು. ಅಂದಿನಿಂದ ಎಲ್ಲರಿಗೂ ಆಸೆ. ಸೆಕ್ಯೂರಿಟಿ-ಸಿಕ್ಸ್‌ಗೆ ಸಾವಿರಾರು ಮತ. ಓಹಾಯೋದ ಅಜ್ಜನೊಬ್ಬ ಬರೆದಿದ್ದಾನೆ: ನಾನು ಪ್ರೀತಿಸುವ ಎರಡನ್ನು ಈಗ ಯಾರೂ ತಯಾರಿಸುವುದಿಲ್ಲ, ಇನ್ನೊಂದು ನನ್ನ ಹೆಂಡತಿ.

ನನ್ನ ಮತ ವೆಬ್ಲಿ ಮಾರ್ಕ್ ಫೋರ್‌ಗೆ. ನಲವತ್ತೆರಡನೆಯದು. ನಿಜವಾದ ಬಂದೂಕನ್ನು ಮುಟ್ಟಿದವನೇ ಅಲ್ಲ ನಾನು. ಇದೆಲ್ಲ ಮಾವನಿಂದ. ವೀರಭದ್ರಪ್ಪ ಮಾವ ನಿವೃತ್ತ ಇನ್ಸ್‌ಪೆಕ್ಟರ್. ಗದಗಿನಲ್ಲಿ ಬೀಗರೂಟದ ದಿನ ಎದುರುಬದುರು ಕೂತು ಇಬ್ಬರಿಗೂ ಮಾತೇ ಇಲ್ಲ. ಏನಾದರೂ ಕೇಳಬೇಕಲ್ಲ, "ನಿಮ್ಮ ಹತ್ರ ಗನ್ ಇತ್ತಾ?" ಅಂದುಬಿಟ್ಟೆ. ಅವರ ಮುಖ ಅರಳಿತು. ವೆಬ್ಲಿ. ಹೆಬ್ಬೆರಳಲ್ಲಿ ಒತ್ತಿದರೆ ನಡು ಮುರಿದಂತೆ ಬಾಗುತ್ತದೆ, ಖಾಲಿ ತೋಟಾಗಳು ಚಿಮ್ಮಿ ಬೀಳುತ್ತವೆ. ಚಪಾತಿ ಮಡಚಿ ತೋರಿಸಿದರು. ನಿವೃತ್ತಿಯ ದಿನ ಠಾಣೆಗೆ ಒಪ್ಪಿಸಿದರಂತೆ.

ಮೇ ತಿಂಗಳಲ್ಲಿ ಅವರಿಗೆ ಎಪ್ಪತ್ತು. ಐಡಿಯಾ ಬಂದಿದೆ!!

ಮಾರ್ಚ್ 18, ಮಂಗಳವಾರ

ಐಡಿಯಾ ಇದು: ಪ್ಲಾಸ್ಟಿಕ್ ವೆಬ್ಲಿ. ನಿಜವಾದದ್ದರಷ್ಟೇ ಅಳತೆ. ಫೋರಮ್ಮಿನವನೊಬ್ಬ ಫೈಲ್ ಕಳಿಸಿದ. ಊಟದ ಹೊತ್ತಿನಲ್ಲಿ ಆಫೀಸ್ ಲ್ಯಾಬಿನ 3D ಪ್ರಿಂಟರ್‌ಗೆ ಹಾಕಿದೆ. ಹಿಡಿ ಮುಗಿದಿತ್ತು, ಸಿಲಿಂಡರ್ ಅರ್ಧ ಆಗಿತ್ತು. ಪ್ರಿಂಟರ್‌ನಲ್ಲಿ ಓಡುವ ಕೆಲಸದ ಹೆಸರು ಲ್ಯಾಬಿನ ದೊಡ್ಡ ಸ್ಕ್ರೀನ್ ಮೇಲೆ ಬರುತ್ತದೆ ಎಂಬುದು ನೆನಪಿರಲಿಲ್ಲ.

ದ್ವಾರಕನಾಥ್ ಸರ್ ಮೊದಲು ನೋಡಿದರು. ನಮ್ಮ ಲ್ಯಾಬಿನ ಹಿರಿಯರು, ಮೈಸೂರಿನವರು, ಇಲ್ಲಿಗೆ ಬಂದು ಇಪ್ಪತ್ತು ವರ್ಷ. ಬಂದು ಪ್ಲಗ್ಗನ್ನೇ ಕಿತ್ತರು.

"ತಲೆ ನೆಟ್ಟಗಿದ್ಯೇನಪ್ಪಾ ಅಭಿನವ್?"

"ಆಟದ್ದು ಸರ್. ಮಾವನಿಗೆ ಗಿಫ್ಟ್."

"ಮಾವನಿಗೆ ಪಂಚೆ ಕೊಡಪ್ಪ! ಈ ಊರಲ್ಲಿ ಆ ಫೈಲ್ ಇಟ್ಕೊಳ್ಳೋದೇ ತಪ್ಪು, ಗೊತ್ತಾ? ನಾನು ಕಂಪನಿಗೆ ರಿಪೋರ್ಟ್ ಮಾಡ್ಲೇಬೇಕು. ಅದಕ್ಕೆ ಮುಂಚೆ ನೀನೇ ಪೊಲೀಸ್ ಹತ್ರ ಹೋಗು. ನಾನೂ ಬರ್ತೀನಿ, ಏಳು."

ಹೋದೆವು. ನಾಲ್ಕು ಗಂಟೆ. ಅಧಿಕಾರಿ ಸೌಜನ್ಯದಿಂದಲೇ ಮಾತಾಡಿದರು. ಲ್ಯಾಪ್‌ಟಾಪ್, ಫೋನ್, ಹಿಡಿ, ಅರ್ಧ ಸಿಲಿಂಡರ್ — ಪಟ್ಟಿ ಮಾಡಿ, ಸಹಿ ಹಾಕಿಸಿ, ವಶಕ್ಕೆ ತೆಗೆದುಕೊಂಡರು. ಪಾಸ್‌ಪೋರ್ಟನ್ನೂ. ವಿಚಾರಣೆ ಮುಗಿಯುವ ತನಕ ದೇಶ ಬಿಡುವಂತಿಲ್ಲ.

ಮಾರ್ಚ್ 21, ಶುಕ್ರವಾರ

ಹೊಸ ಫೋನಿಂದ ಶ್ರೀದೇವಿಗೆ ಕರೆ. ಆಫೀಸಿನಲ್ಲಿ ಹೊಸ ಸಾಫ್ಟ್ವೇರ್ ರಿಲೀಸ್ ಇದೆ, ಈ ವಾರ ಬರಲಾಗುವುದಿಲ್ಲ ಅಂದೆ.

"ಅಯ್ಯೋ, ಬದನೆಕಾಯಿ ಎಣ್ಗಾಯಿ ಮಾಡೀನಲ್ಲೋ."

"ಫ್ರೀಜ್ ಮಾಡು."

"ನಿನ್ನೇ ಫ್ರೀಜ್ ಮಾಡ್ತೀನಿ."

ನಕ್ಕೆ. ದಿಂಬುಗಳು ಬಂದವು. ಬಿಚ್ಚಲಿಲ್ಲ.

ಮಾರ್ಚ್ 28, ಶುಕ್ರವಾರ

ಮತ್ತೆ ರಿಲೀಸ್ ಅಂದೆ. "ಸರಿ" ಅಂದು ಫೋನಿಟ್ಟಳು. ನನ್ನ ಪಾಸ್ ರದ್ದಾದರೆ ಅವಳದೂ ಹೋಗುತ್ತದೆ. ಅವಳ ಕೆಲಸವೂ ಇನ್ನು ಮೂರೇ ದಿನ. ಇದನ್ನು ದಿನಕ್ಕೆ ಹತ್ತು ಸಲ ಯೋಚಿಸುತ್ತೇನೆ, ಹನ್ನೊಂದನೆಯ ಸಲವೂ ಅಷ್ಟೇ ನಿಜ.

ಸಂಜೆ ಮಾವನಿಗೆ ಫೋನ್ ಮಾಡಿದೆ. ಪೊಲೀಸರಲ್ಲವೇ, ಗೊತ್ತಿರುತ್ತದೆ ಎಂದು. ಎಲ್ಲ ಹೇಳಿದೆ.

"ಅಳಿಯಂದ್ರ, ಆ ವೆಬ್ಲಿ ಮೂವತ್ತು ವರ್ಷ ಸೊಂಟದಾಗ ಇತ್ತು. ಒಮ್ಮೆನೂ ಯಾರ ಮ್ಯಾಲೂ ಹಾರಿಸಿಲ್ಲ. ಸೊಂಟನೋವು ಬಂತು, ಅಷ್ಟ. ತಿರುಗಿ ಕೊಟ್ಟ ದಿನ ಮನಿಗೆ ಬಂದು ಹಾಯಾಗಿ ಮಲ್ಕೊಂಡೆ."

"ಮತ್ತೆ ಅವತ್ತು ಅಷ್ಟು ಖುಷಿಯಿಂದ ಹೇಳಿದ್ರಲ್ಲ ಮಾವ?"

"ನೀವು ಏನರೆ ಒಂದು ಕೇಳಿದ್ರಲ್ರೀ, ಅದಕ್ಕ ಖುಷಿ. ಹೊಲದ್ದು ಕೇಳಿದ್ರ ಹೊಲದ್ದ ಹೇಳ್ತಿದ್ದೆ." ಆಮೇಲೆ: "ಶ್ರೀದೇವಿಗೆ ಹೇಳೀರೇನು?"

"ಇಲ್ಲ."

"ಮೂವತ್ತು ವರ್ಷ ಹೇಳಿಕೆ ಬರಕೊಂಡಾಂವ ನಾನು. ಮೊದಲನೇ ದಿನ ಹೇಳಿದ್ದನ್ನ ನಂಬ್ತಾರ. ತಡಾ ಆದಂಗ ನಂಬೂದು ಕಡಿಮಿ ಆಕ್ಕೈತಿ. ಇವತ್ತ ಹೇಳ್ರಿ."

ಇವತ್ತು ಹೇಳಲಿಲ್ಲ.

ಏಪ್ರಿಲ್ 2, ಬುಧವಾರ

ಹೇಳಿದೆ. ಫೈಲ್, ಸಿಲಿಂಡರ್, ಪಾಸ್‌ಪೋರ್ಟ್, ಎರಡು ಸುಳ್ಳು ರಿಲೀಸ್. ವೀಡಿಯೋ ಕಾಲ್‌ನಲ್ಲಿ ಅವಳ ಹಿಂದೆ ಕಟ್ಟಿಟ್ಟ ಡಬ್ಬಿಗಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

"ಪ್ಲಾಸ್ಟಿಕ್ ಮಾಡಿದ್ದಕ್ಕ ಸಿಟ್ಟಿಲ್ಲ. ಎರಡು ವಾರ ನಾ ಇಲ್ಲಿ ಏನ್ ಅನ್ಕೊಂಡಿದ್ದೆ ಗೊತ್ತಾ ನಿನಗ? ಮದುವೆ ಬೇಡಾಗಿದೆ ಇವಗ, ಅಂತ."

ಕಟ್ ಮಾಡಿದಳು.

ಫೋರಮ್ ಖಾತೆ ಅಳಿಸಿದೆ. ನನ್ನ ಮತವೂ ಹೋಯಿತು. ವೆಬ್ಲಿಗೆ ಮತ್ತೆ ನಲವತ್ತೊಂದು.

ಏಪ್ರಿಲ್ 17, ಗುರುವಾರ

ಹದಿನೈದು ದಿನ ಮೆಸೇಜ್ ಇಲ್ಲ. ಆಫೀಸಿಗೆ ಹೋಗಿ ಬರುತ್ತಿದ್ದೆ. ಕೆಲಸ ಸದ್ಯಕ್ಕಿದೆ. ಪೊಲೀಸರ ಫೈಲ್ ಮೇಲಿನವರ ಬಳಿ ಹೋಗಿದೆ, ಕಾಯಿರಿ ಎಂದಿದ್ದಾರೆ. ಪಾಸ್‌ಪೋರ್ಟ್ ಇನ್ನೂ ಅವರಲ್ಲಿ. ಶ್ರೀದೇವಿಯ ಅರವತ್ತು ದಿನದಲ್ಲಿ ಇಪ್ಪತ್ಮೂರು ಉಳಿದಿವೆ.

ಈಗಷ್ಟೇ ಅವಳ ಕರೆ.

"ನನ್ನ ಪಾಸ್ ಇನ್ನೂ ನಡೀತದಲ್ಲಾ?"

"ನಡೆಯುತ್ತೆ. ಆದರೆ ನನ್ನದು ರದ್ದಾದ್ರೆ..."

"ಆದಾಗ ಇಬ್ಬರೂ ಕೂಡೇ ಹೋಗೂಣು. ನಿನಗ ಈ ಕಡೆ ಬರಾಕ ಆಗಂಗಿಲ್ಲ, ನನಗ ಆ ಕಡೆ ಬರಾಕ ಆಗ್ತದ. ಅಷ್ಟ ತಾನೇ?"

"ಮತ್ತೆ ಸಿಟ್ಟು?"

"ಅದನ್ನೂ ತರ್ತೀನಿ. ಜಾಗ ಮಾಡಿ ಇಡು."

ದಿಂಬಿನ ಕವರ್ ಹರಿದೆ. ನಾಲ್ಕೂ. ಅವಳು ಬರುವುದನ್ನು ಮರೆಯುವ ಮುಂಚೆ ಬರೆದಿಡಬೇಕು — ಏಪ್ರಿಲ್ 19, ಶನಿವಾರ, ಜೊಹೋರ್ ಬಾರುವಿನ ಜೆಬಿ ಸೆಂಟ್ರಲ್‌ನಿಂದ ವುಡ್‌ಲ್ಯಾಂಡ್ಸ್‌ಗೆ, ಬೆಳಿಗ್ಗೆ ಹತ್ತರ ಷಟಲ್ ರೈಲು.